ಟೈಲರ್ ಆಡಮ್ಸ್

ಟೈಲರ್ ಶಾನ್ ಆಡಮ್ಸ್ (ಜನನ: 14 ಫೆಬ್ರವರಿ 1999) ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಫುಟ್‌ಬಾಲ್ ಆಟಗಾರ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಬೋರ್ನ್‌ಮತ್ ಕ್ಲಬ್‌ನ ಪರವಾಗಿಯೂ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಮೆರಿಕದ ರಾಷ್ಟ್ರೀಯ ತಂಡದ ಪರವಾಗಿಯೂ ಆಡುತ್ತ ಬಂದಿರುವ ಇವರು ಮಧ್ಯರಂಗದ ರಕ್ಷಣಾತ್ಮಕ ಆಟಗಾರರು. 2022ರಲ್ಲಿ ಕತಾರ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ತಮ್ಮ 23ನೆಯ ವಯಸ್ಸಿನಲ್ಲಿ ಅಮೆರಿಕ ತಂಡವನ್ನು ಮುನ್ನಡೆಸಿದರು. ಆ ಪಂದ್ಯಾವಳಿಯ 32 ತಂಡಗಳ ನಾಯಕರಲ್ಲಿ ಇವರೇ ಅತ್ಯಂತ ಕಿರಿಯರು. ಜಗತ್ತಿನ ಹೆಚ್ಚಿನ ಭಾಗಗಳಲ್ಲಿ ಫುಟ್‌ಬಾಲ್ ಎಂದು ಕರೆಯಲಾಗುವ ಈ ಆಟಕ್ಕೆ ಅಮೆರಿಕದಲ್ಲಿ ಸಾಕರ್ ಎಂಬ ಹೆಸರಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ. ಈ ಲೇಖನದಲ್ಲಿ ಫುಟ್‌ಬಾಲ್ ಎಂಬ ಪದವನ್ನು ನಮ್ಮಲ್ಲಿ ರೂಢಿಯಲ್ಲಿರುವ ಅರ್ಥದಲ್ಲಿಯೇ ಬಳಸಲಾಗಿದೆ.

ಬಾಲ್ಯ ಮತ್ತು ಆರಂಭದ ದಿನಗಳು

ಆಡಮ್ಸ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬಲ್ಲಿ. ಬೆಳೆದದ್ದು ಹಡ್ಸನ್ ನದಿಯ ಕಣಿವೆಯಲ್ಲಿರುವ ವಾಪಿಂಜರ್ಸ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ. ಅವರನ್ನು ಚಿಕ್ಕಂದಿನಲ್ಲಿ ಒಂಟಿಯಾಗಿ ಸಾಕಿ ಸಲಹಿದವರು ತಾಯಿ. ಮುಂದೆ ತಾಯಿ ಮರುಮದುವೆಯಾದಾಗ ಮಲತಂದೆಯೊಂದಿಗೆ ಮೂವರು ಸೋದರರೂ ಮನೆಗೆ ಬಂದರು. ತಾಯಿಯ ಕಡೆಯವರು ಬಿಳಿಯರು; ಆಡಮ್ಸ್ ಆಫ್ರಿಕನ್-ಅಮೆರಿಕನ್ ಮೂಲವನ್ನೂ ಹೊಂದಿದವರು. ಮನೆಯೊಳಗಿನ ಈ ಎರಡು ಪರಂಪರೆಗಳ ಸಂಗತಿ ಮುಂದೆ ದೋಹಾ ನಗರದಲ್ಲಿ ಜಗತ್ತಿನ ಪತ್ರಕರ್ತರ ಎದುರು ಅವರಿಗೆ ಹೇಗೆ ಒದಗಿಬಂದಿತೆಂಬುದನ್ನು ಕೆಳಗೆ ವಿವರಿಸಲಾಗಿದೆ.

2011ರಲ್ಲಿ ಅವರು ನ್ಯೂಯಾರ್ಕ್ ರೆಡ್ ಬುಲ್ಸ್ ಕ್ಲಬ್‌ನ ಕಿರಿಯರ ತರಬೇತಿ ಶಾಲೆಗೆ ಸೇರಿದರು. ಹೆಸರಿನಲ್ಲಿ ನ್ಯೂಯಾರ್ಕ್ ಎಂದಿದ್ದರೂ ಈ ಕ್ಲಬ್ಬಿನ ನೆಲೆ ಇರುವುದು ನೆರೆಯ ನ್ಯೂಜರ್ಸಿ ರಾಜ್ಯದಲ್ಲಿ. ಶಾಲೆ ಮುಗಿದ ಮೇಲೆ ಅಭ್ಯಾಸಕ್ಕೆಂದು ಹೋಗಲು ಒಂದು ಗಂಟೆಗೂ ಮೀರಿದ ಕಾರಿನ ಪ್ರಯಾಣ, ಅಷ್ಟೇ ಹೊತ್ತು ಮರಳಿ ಬರಲು. ಅಮೆರಿಕದಲ್ಲಿ ಕ್ರೀಡೆಯಲ್ಲಿ ಮುಂದೆ ಬರಬೇಕೆನ್ನುವ ಹುಡುಗರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ತಂಡಗಳ ಮೂಲಕ ಹಾದು ಹೋಗುತ್ತಾರೆ. ಅಲ್ಲಿ ನಾಲ್ಕು ವರ್ಷ ಕಳೆದು 22ನೆಯ ವಯಸ್ಸಿಗೆ ವೃತ್ತಿಗೆ ಇಳಿಯುವಷ್ಟರಲ್ಲಿ ಯುರೋಪಿನ ಅದೇ ವಯಸ್ಸಿನ ಆಟಗಾರ ಹಿರಿಯರ ತಂಡದಲ್ಲಿ ನಾಲ್ಕೈದು ಋತುಗಳನ್ನು ಆಡಿ ಮುಗಿಸಿರುತ್ತಾನೆ. ಆಡಮ್ಸ್ ಆ ಹಾದಿಯನ್ನು ಹಿಡಿಯಲಿಲ್ಲ. 16ನೆಯ ವಯಸ್ಸಿನಲ್ಲಿಯೇ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿ, 2015ರಲ್ಲಿ ಕ್ಲಬ್ಬಿನ ಎರಡನೆಯ ತಂಡದಲ್ಲಿ ಆಡತೊಡಗಿದರು. ಅದೇ ವರ್ಷ ಜುಲೈ ತಿಂಗಳಲ್ಲಿ, ಇಂಗ್ಲೆಂಡಿನ ಅಂದಿನ ಚಾಂಪಿಯನ್ ಚೆಲ್ಸಿ ತಂಡವನ್ನು ನ್ಯೂಯಾರ್ಕ್ 4–2ರಿಂದ ಸೋಲಿಸಿದ ಸ್ನೇಹಪಂದ್ಯದಲ್ಲಿ ಒಂದು ಗೋಲನ್ನೂ ಗಳಿಸಿದರು.

ನ್ಯೂಯಾರ್ಕ್ ರೆಡ್ ಬುಲ್ಸ್

2016ರ ಏಪ್ರಿಲ್‌ನಲ್ಲಿ ಅಮೆರಿಕದ ಉನ್ನತ ದರ್ಜೆಯ ಲೀಗ್ ಆದ ಮೇಜರ್ ಲೀಗ್ ಸಾಕರ್‌ಗೆ ಅವರು ಪಾದಾರ್ಪಣೆ ಮಾಡಿದರು. ಆಗಿನ ತರಬೇತುದಾರ ಜೆಸ್ಸಿ ಮಾರ್ಷ್. ಚೆಂಡು ಕಳೆದುಕೊಂಡ ಕ್ಷಣದಲ್ಲಿಯೇ ಎದುರಾಳಿಯ ಮೇಲೆ ಮುಗಿಬಿದ್ದು ಅದನ್ನು ಮರಳಿ ಕಸಿದುಕೊಳ್ಳುವ ಪದ್ಧತಿ ಮಾರ್ಷ್ ಅವರದು. ಓಟದ ಬಲ, ದಣಿವರಿಯದ ದೇಹ ಮತ್ತು ಎದುರಾಳಿಯ ಮುಂದಿನ ನಡೆಯನ್ನು ಊಹಿಸುವ ಶಕ್ತಿ ಬೇಡುವ ಈ ಪದ್ಧತಿಗೆ ಆಡಮ್ಸ್ ಹೇಳಿ ಮಾಡಿಸಿದಂತಿದ್ದರು. 2017ರಲ್ಲಿ ತಂಡದ ನಿಯಮಿತ ಆಟಗಾರರಾದರು. 2018ರಲ್ಲಿ ನ್ಯೂಯಾರ್ಕ್ ತಂಡವು 71 ಅಂಕಗಳನ್ನು ಗಳಿಸಿ, ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದವರಿಗೆ ನೀಡುವ ಸಪೋರ್ಟರ್ಸ್ ಶೀಲ್ಡ್ ಪ್ರಶಸ್ತಿಯನ್ನು ಗೆದ್ದಿತು. ಲೀಗ್‌ನ ಇತಿಹಾಸದಲ್ಲಿ ಅದು ಆಗಿನ ದಾಖಲೆಯಾಗಿತ್ತು.

ಲೈಪ್‌ಜಿಗ್‌ನಲ್ಲಿ

2019ರ ಜನವರಿಯಲ್ಲಿ ಆಡಮ್ಸ್ ಜರ್ಮನಿಯ ಆರ್‌ಬಿ ಲೈಪ್‌ಜಿಗ್ ಕ್ಲಬ್‌ಗೆ ವರ್ಗವಾದರು. ಈ ವರ್ಗಾವಣೆಯ ಹಿನ್ನೆಲೆಯನ್ನು ಅರಿಯಬೇಕಾದರೆ ಎರಡೂ ಕ್ಲಬ್‌ಗಳ ಒಡೆತನದ ಸಂಗತಿ ತಿಳಿದಿರಬೇಕು. ರೆಡ್ ಬುಲ್ ಎಂಬುದು ಆಸ್ಟ್ರಿಯದ ಪಾನೀಯ ಸಂಸ್ಥೆ. ನ್ಯೂಯಾರ್ಕ್, ಲೈಪ್‌ಜಿಗ್, ಸಾಲ್ಜ್‌ಬರ್ಗ್ ಮುಂತಾದ ಕಡೆಗಳಲ್ಲಿ ಅದಕ್ಕೆ ಸಂಬಂಧಿಸಿದ ಕ್ಲಬ್‌ಗಳಿವೆ. ಇವುಗಳೆಲ್ಲ ಒಂದೇ ಬಗೆಯ ಆಟವನ್ನು ಕಲಿಸಿ, ಆಟಗಾರರನ್ನೂ ತರಬೇತುದಾರರನ್ನೂ ಒಂದರಿಂದ ಮತ್ತೊಂದಕ್ಕೆ ಸಾಗಿಸುತ್ತವೆ. ಪ್ರಾಯೋಜಕರ ಹೆಸರನ್ನು ಕ್ಲಬ್ಬಿಗೆ ಇಡಲು ಜರ್ಮನಿಯ ನಿಯಮಗಳು ಅವಕಾಶ ಕೊಡುವುದಿಲ್ಲ. ಆದುದರಿಂದ 2009ರಲ್ಲಿ ಸ್ಥಾಪಿತವಾದ ಲೈಪ್‌ಜಿಗ್ ಕ್ಲಬ್ಬಿಗೆ ‘ರಾಜೆನ್‌ಬಾಲ್‌ಸ್ಪೋರ್ಟ್’, ಎಂದರೆ ಹುಲ್ಲುಹಾಸಿನ ಮೇಲಿನ ಚೆಂಡಾಟ, ಎಂಬ ಹೆಸರನ್ನು ಹುಡುಕಿ ಇಡಲಾಯಿತು. ಮೊದಲಕ್ಷರಗಳು ಆರ್ ಮತ್ತು ಬಿ ಆಗಬೇಕೆಂಬುದಷ್ಟೇ ಅದರ ಉದ್ದೇಶ. ಸದಸ್ಯರೇ ಕ್ಲಬ್ಬಿನ ಒಡೆಯರಾಗಿರಬೇಕೆಂದು ಬಯಸುವ ಜರ್ಮನಿಯ ಅಭಿಮಾನಿಗಳು ಈ ಜಾಣತನವನ್ನು ಇಂದಿಗೂ ಮನ್ನಿಸಿಲ್ಲ. ಆಡಮ್ಸ್ ಅವರ ಮಟ್ಟಿಗೆ ಮಾತ್ರ ಈ ಏರ್ಪಾಡು ಅನುಕೂಲವೇ ಆಯಿತೆನ್ನಬೇಕು. ಹೊಸ ದೇಶಕ್ಕೆ ಹೋದರೂ ಕಲಿತ ಆಟವನ್ನು ಬದಲಿಸಬೇಕಾಗಿ ಬರಲಿಲ್ಲ. ಮಾರ್ಷ್ ಅವರೂ ಅಷ್ಟರಲ್ಲಿ ಲೈಪ್‌ಜಿಗ್‌ನಲ್ಲಿ ಸಹಾಯಕ ತರಬೇತುದಾರರಾಗಿದ್ದರು.

27 ಜನವರಿ 2019ರಂದು ಡುಸೆಲ್‌ಡಾರ್ಫ್ ವಿರುದ್ಧ 4–0ರಿಂದ ಗೆದ್ದ ಪಂದ್ಯದಲ್ಲಿ ಅವರು ಬುಂಡೆಸ್‌ಲೀಗಾಕ್ಕೆ ಕಾಲಿಟ್ಟರು. ಬಂದ ಕೆಲವೇ ವಾರಗಳಲ್ಲಿ ತಂಡದಲ್ಲಿ ಸ್ಥಾನ ಭದ್ರವಾಯಿತು. ಆದರೆ ಆ ವರ್ಷದ ಬಹುಭಾಗವನ್ನು ತೊಡೆಸಂದಿನ ಸ್ನಾಯುವಿನ ನೋವು ನುಂಗಿಹಾಕಿತು.

ಲಿಸ್ಬನ್‌ನ ಗೋಲು

2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಚಾಂಪಿಯನ್ಸ್ ಲೀಗ್ ಪಂದ್ಯಾವಳಿಯು ನಡುವೆಯೇ ನಿಂತುಹೋಗಿತ್ತು. ಆಗಸ್ಟ್ ತಿಂಗಳಲ್ಲಿ ಉಳಿದ ಎಂಟು ತಂಡಗಳನ್ನು ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಕರೆಸಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ, ತವರು ನೆಲ ಮತ್ತು ಎದುರಾಳಿಯ ನೆಲ ಎಂಬ ಎರಡು ಪಂದ್ಯಗಳ ಬದಲು ಒಂದೊಂದೇ ಪಂದ್ಯದಲ್ಲಿ ಸೋಲುಗೆಲುವು ತೀರ್ಮಾನಿಸುವಂತೆ ಏರ್ಪಡಿಸಲಾಯಿತು. ಆಗಸ್ಟ್ 13ರಂದು ಲೈಪ್‌ಜಿಗ್‌ಗೆ ಎದುರಾದದ್ದು ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್. ಹಿಂದಿನ ಘಟ್ಟದಲ್ಲಿ ಹಾಲಿ ಚಾಂಪಿಯನ್ ಲಿವರ್‌ಪೂಲ್ ತಂಡವನ್ನೇ ಹೊರದಬ್ಬಿದ್ದ ತಂಡವದು. ಲೈಪ್‌ಜಿಗ್‌ಗಾದರೋ ಹುಟ್ಟಿ ಹನ್ನೊಂದು ವರ್ಷ; ಅದರ ಪ್ರಮುಖ ಗೋಲುಗಾರ ಟಿಮೊ ವೆರ್ನರ್ ಆಗಷ್ಟೇ ಚೆಲ್ಸಿಗೆ ಹೊರಟುಹೋಗಿದ್ದರು.

ದ್ವಿತೀಯಾರ್ಧದ ಆರಂಭದಲ್ಲಿ ಡಾನಿ ಓಲ್ಮೊ ಲೈಪ್‌ಜಿಗ್‌ಗೆ ಮುನ್ನಡೆ ತಂದರು. 71ನೆಯ ನಿಮಿಷದಲ್ಲಿ ಜೊವಾವ್ ಫೆಲಿಕ್ಸ್ ಪೆನಾಲ್ಟಿಯ ಮೂಲಕ ಸಮ ಮಾಡಿದರು. ಆ ಬೆನ್ನಲ್ಲೇ 21 ವರ್ಷದ ಆಡಮ್ಸ್ ಬದಲಿ ಆಟಗಾರರಾಗಿ ಇಳಿದರು. 88ನೆಯ ನಿಮಿಷದಲ್ಲಿ ಎಡಬದಿಯಿಂದ ಆಂಖೆಲಿನ್ಯೊ ಹಿಂದಕ್ಕೆ ಕಳುಹಿಸಿದ ಚೆಂಡು ಪೆನಾಲ್ಟಿ ಆವರಣದ ಅಂಚಿನಲ್ಲಿದ್ದ ಆಡಮ್ಸ್ ಅವರ ಕಾಲಿಗೆ ಬಂದಿತು. ಅವರು ಹೊಡೆದ ಹೊಡೆತ ರಕ್ಷಣಾ ಆಟಗಾರ ಸ್ಟೆಫಾನ್ ಸಾವಿಚ್‌ಗೆ ತಗುಲಿ, ದಿಕ್ಕು ಬದಲಿಸಿ, ಗೋಲ್‌ಕೀಪರ್ ಯಾನ್ ಓಬ್ಲಾಕ್ ಅವರನ್ನು ವಂಚಿಸಿ ಬಲೆಗೆ ಬಿದ್ದಿತು. ಲೈಪ್‌ಜಿಗ್ ಪರವಾಗಿ ಆಡಮ್ಸ್ ಗಳಿಸಿದ ಮೊದಲ ಗೋಲೇ ಇದು. ಕ್ಲಬ್ಬನ್ನು ಮೊತ್ತಮೊದಲ ಬಾರಿಗೆ ಸೆಮಿಫೈನಲ್‌ಗೆ ಕೊಂಡೊಯ್ದದ್ದೂ ಇದೇ. ಸಾವಿಚ್ ಅವರ ಕಾಲು ಅಡ್ಡ ಬಾರದಿದ್ದರೆ ಚೆಂಡು ಓಬ್ಲಾಕ್ ಅವರ ಕೈ ಸೇರುತ್ತಿತ್ತೆಂದು ಹೇಳುವವರಿದ್ದಾರೆ, ಅದು ಸರಿಯೂ ಇರಬಹುದು. ಆದರೆ ಅಷ್ಟು ಹೊತ್ತಿನಲ್ಲಿ, ಅಂಥ ಜಾಗದಲ್ಲಿ ಹಾಜರಿರುವುದು ಅದೃಷ್ಟದ ಮಾತಲ್ಲ. ಸೆಮಿಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡ ಲೈಪ್‌ಜಿಗ್ ಅನ್ನು 3–0ರಿಂದ ಸೋಲಿಸಿತು.

ಯೂಲಿಯನ್ ನಾಗೆಲ್ಸ್‌ಮನ್ ಅವರ ತರಬೇತಿಯಲ್ಲಿ ಆಡಮ್ಸ್ ಮಧ್ಯರಂಗದಲ್ಲಷ್ಟೇ ಅಲ್ಲದೆ ಬಲಬದಿಯ ರಕ್ಷಕರಾಗಿಯೂ ಆಡಿದರು. 2021ರ ಬೇಸಗೆಯಲ್ಲಿ ಮಾರ್ಷ್ ಮುಖ್ಯ ತರಬೇತುದಾರರಾಗಿ ಬಂದರೂ ಡಿಸೆಂಬರ್ ಹೊತ್ತಿಗೆ ಅವರು ಹುದ್ದೆ ತೊರೆಯಬೇಕಾಯಿತು. ಅನಂತರ ಆಡಮ್ಸ್ ಅವರಿಗೆ ಆಡುವ ಅವಕಾಶಗಳು ವಿರಳವಾದವು. 2022ರ ಮೇ ತಿಂಗಳಲ್ಲಿ ಲೈಪ್‌ಜಿಗ್ ಫ್ರೈಬುರ್ಗ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಜರ್ಮನ್ ಕಪ್ ಗೆದ್ದುಕೊಂಡಿತು. ಕ್ಲಬ್ಬಿನ ಮೊದಲ ದೊಡ್ಡ ಪ್ರಶಸ್ತಿ ಅದು.

ಲೀಡ್ಸ್ ಯುನೈಟೆಡ್

2022ರ ಜುಲೈನಲ್ಲಿ ಆಡಮ್ಸ್ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಸೇರಿದರು. ಅಲ್ಲಿ ತರಬೇತುದಾರರಾಗಿದ್ದವರು ಮತ್ತೆ ಮಾರ್ಷ್ ಅವರೇ. ಲೀಡ್ಸ್‌ನಲ್ಲಿಯೇ ಹುಟ್ಟಿ ಬೆಳೆದು ಊರಿನ ಕಣ್ಮಣಿಯಾಗಿದ್ದ ಕಾಲ್ವಿನ್ ಫಿಲಿಪ್ಸ್ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ತೆರವಾದ ಸ್ಥಾನವನ್ನು ಹೊರನಾಡಿನ ಹುಡುಗನೊಬ್ಬ ತುಂಬಬೇಕಾಗಿತ್ತು. ಅದೇ ಋತುವಿನಲ್ಲಿ ಅಮೆರಿಕದ ಬ್ರೆಂಡನ್ ಆರನ್‌ಸನ್ ಮತ್ತು ವೆಸ್ಟನ್ ಮೆಕೆನ್ನಿ ಕೂಡ ಲೀಡ್ಸ್‌ಗೆ ಬಂದರು. ತರಬೇತುದಾರನೂ ಮಧ್ಯರಂಗದ ಮೂವರೂ ಅಮೆರಿಕದವರೇ ಆದದ್ದು ಇಂಗ್ಲೆಂಡಿನಲ್ಲಿ ಅಪರೂಪದ ಸಂಗತಿ. ಅಮೆರಿಕದ ಫುಟ್‌ಬಾಲ್ ಯುರೋಪಿನ ಮಟ್ಟಕ್ಕೆ ಏರಿದೆಯೇ ಎಂಬ ಹಳೆಯ ಪ್ರಶ್ನೆಗೆ ಈ ತಂಡವೇ ಒಂದು ಪರೀಕ್ಷೆಯಂತಾಯಿತು.

ಪರೀಕ್ಷೆಯ ಫಲ ಕಹಿಯಾಗಿತ್ತು. 2023ರ ಫೆಬ್ರವರಿ 6ರಂದು ಮಾರ್ಷ್ ಅವರನ್ನು ವಜಾ ಮಾಡಲಾಯಿತು. ಮಾರ್ಚ್ ತಿಂಗಳಲ್ಲಿ ಆಡಮ್ಸ್ ಅವರ ತೊಡೆಯ ಹಿಂಭಾಗದ ಸ್ನಾಯು, ಎಂದರೆ ಹ್ಯಾಮ್‌ಸ್ಟ್ರಿಂಗ್, ಹರಿಯಿತು, ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಅವರಿಲ್ಲದ ಲೀಡ್ಸ್ ಏಪ್ರಿಲ್‌ನಲ್ಲಿ ತನ್ನದೇ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ 1–5ರಿಂದಲೂ ಲಿವರ್‌ಪೂಲ್‌ಗೆ 1–6ರಿಂದಲೂ ಸೋತಿತು. ಕೊನೆಗೆ 20 ತಂಡಗಳ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೆ ಕುಸಿದು ಕೆಳಗಿನ ದರ್ಜೆಗೆ ಇಳಿಯಿತು. ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿವರ್ಷವೂ ಕೊನೆಯ ಮೂರು ತಂಡಗಳು ಹೀಗೆ ಇಳಿಯಬೇಕು. ಆಡಮ್ಸ್ ಬೆಳೆದು ಬಂದ ಅಮೆರಿಕದ ಲೀಗ್‌ನಲ್ಲಿ ಈ ಪದ್ಧತಿಯೇ ಇಲ್ಲ. ಎಷ್ಟು ಸೋತರೂ ತಂಡ ಮರುವರ್ಷ ಅದೇ ದರ್ಜೆಯಲ್ಲಿ ಆಡುತ್ತದೆ. ಒಬ್ಬನೇ ಆಟಗಾರನ ಗೈರುಹಾಜರಿಯಿಂದ ತಂಡ ಮುಳುಗಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೂ ರಕ್ಷಣಾತ್ಮಕ ಮಿಡ್‌ಫೀಲ್ಡರ್‌ನ ಬೆಲೆ ಅವನಿಲ್ಲದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಆ ವಸಂತದ ಲೀಡ್ಸ್ ಒಳ್ಳೆಯ ನಿದರ್ಶನ.

ಆಟದ ಶೈಲಿ

ತಂಡದ ರಕ್ಷಣಾ ಸಾಲಿಗೂ ಆಕ್ರಮಣದ ಸಾಲಿಗೂ ನಡುವೆ ನಿಂತು ಎದುರಾಳಿಯ ದಾಳಿಯನ್ನು ಮೊಳಕೆಯಲ್ಲಿಯೇ ಚಿವುಟುವುದು ಆಡಮ್ಸ್ ಅವರ ಮುಖ್ಯ ಕೆಲಸ. ಫುಟ್‌ಬಾಲ್ ಪರಿಭಾಷೆಯಲ್ಲಿ ಈ ಸ್ಥಾನವನ್ನು ‘ಆರನೆಯ ಸಂಖ್ಯೆ’ ಎಂದು ಕರೆಯುವುದುಂಟು. ಗೋಲುಗಳ ಲೆಕ್ಕದಿಂದ ಇಂಥವರನ್ನು ಅಳೆಯಲಾಗದು. ಆಡಮ್ಸ್ ಎತ್ತರದ ಆಳಲ್ಲ. ಓಟ, ಚೆಂಡು ಕಸಿಯುವ ಚುರುಕು ಮತ್ತು ಮೈದಾನದ ಯಾವ ಭಾಗ ಬರಿದಾಗಲಿದೆ ಎಂಬುದನ್ನು ಮುಂಚಿತವಾಗಿ ಗ್ರಹಿಸುವ ಗುಣ ಅವರ ಬಂಡವಾಳ. ಮುಂದಕ್ಕೆ ಚೆಂಡನ್ನು ಸಾಗಿಸುವ ಕೌಶಲದಲ್ಲಿ ಅವರಿಗಿಂತ ಮೇಲಾದವರು ಅದೇ ಸ್ಥಾನದಲ್ಲಿ ಹಲವರಿದ್ದಾರೆ. ಓಟವನ್ನೇ ನೆಚ್ಚಿದ ಆಟವಾದುದರಿಂದ ದೇಹದ ಮೇಲೆ ಬೀಳುವ ಹೊರೆಯೂ ಹೆಚ್ಚು. ಅವರ ವೃತ್ತಿಜೀವನದ ಉದ್ದಕ್ಕೂ ಗಾಯಗಳು ಬೆನ್ನು ಬಿಡದಿರುವುದನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕಾಗುತ್ತದೆ.

ರಾಷ್ಟ್ರೀಯ ತಂಡ

10 ಅಕ್ಟೋಬರ್ 2017ರಂದು ಅಮೆರಿಕ ತಂಡವು ಟ್ರಿನಿಡಾಡ್ ಮತ್ತು ಟೊಬೇಗೊ ತಂಡದೆದುರು 1–2ರಿಂದ ಸೋತು 2018ರ ವಿಶ್ವಕಪ್‌ನಿಂದ ಹೊರಗುಳಿಯಿತು. 1986ರ ಬಳಿಕ ಆ ದೇಶ ವಿಶ್ವಕಪ್ ತಪ್ಪಿಸಿಕೊಂಡದ್ದು ಅದೇ ಮೊದಲು. ಹಿರಿಯರ ಪೀಳಿಗೆಯೊಂದು ಅಲ್ಲಿಗೆ ಮುಗಿದಂತಾಯಿತು. ಸರಿಯಾಗಿ ಐದು ವಾರಗಳ ಅನಂತರ, ನವೆಂಬರ್ 14ರಂದು ಪೋರ್ಚುಗಲ್ ವಿರುದ್ಧ ಆಡಲು ಹಂಗಾಮಿ ತರಬೇತುದಾರ ಡೇವ್ ಸರಕನ್ ಹೊಸ ಹುಡುಗರನ್ನು ಕಣಕ್ಕಿಳಿಸಿದರು. 18 ವರ್ಷದ ಆಡಮ್ಸ್ ಮತ್ತು 19 ವರ್ಷದ ಮೆಕೆನ್ನಿ ಇಬ್ಬರಿಗೂ ಅದು ಮೊದಲ ಅಂತರರಾಷ್ಟ್ರೀಯ ಪಂದ್ಯ. ಮೆಕೆನ್ನಿ ಗೋಲು ಗಳಿಸಿದರು, ಪಂದ್ಯ 1–1ರಲ್ಲಿ ಮುಗಿಯಿತು. ಮರುವರ್ಷ ಸೆಪ್ಟೆಂಬರ್ 11ರಂದು ನ್ಯಾಶ್‌ವಿಲ್ ನಗರದಲ್ಲಿ ಮೆಕ್ಸಿಕೊ ವಿರುದ್ಧದ ಪಂದ್ಯದ ಏಕೈಕ ಗೋಲನ್ನು ಆಡಮ್ಸ್ ಗಳಿಸಿದರು.

2022ರ ವಿಶ್ವಕಪ್‌ಗೆ ಅಮೆರಿಕ ಅರ್ಹತೆ ಪಡೆಯಿತು. ಆಟಗಾರರ ಮತದಿಂದ ಆಡಮ್ಸ್ ನಾಯಕರಾದರೆಂದು ತರಬೇತುದಾರ ಗ್ರೆಗ್ ಬರ್‌ಹಾಲ್ಟರ್ ಪ್ರಕಟಿಸಿದರು. 1950ರಲ್ಲಿ ವಾಲ್ಟರ್ ಬಾರ್ ಅವರ ಅನಂತರ ವಿಶ್ವಕಪ್‌ನಲ್ಲಿ ಅಮೆರಿಕವನ್ನು ಮುನ್ನಡೆಸಿದ ಅತಿ ಕಿರಿಯ ಆಟಗಾರ ಇವರೇ. ವೇಲ್ಸ್ ವಿರುದ್ಧ 1–1, ಇಂಗ್ಲೆಂಡ್ ವಿರುದ್ಧ 0–0. ಮೂರನೆಯ ಪಂದ್ಯ ಇರಾನ್ ಜೊತೆ. ಗೆದ್ದರೆ ಮಾತ್ರ ಮುಂದಿನ ಘಟ್ಟ.

ಇರಾನ್ ಪಂದ್ಯದ ಮುನ್ನಾದಿನ

ಈ ಪಂದ್ಯದ ಹಿಂದೆ ನಾಲ್ಕು ದಶಕಗಳ ರಾಜಕೀಯ ವೈರವಿತ್ತು. 1998ರ ವಿಶ್ವಕಪ್‌ನಲ್ಲಿ, ಆಡಮ್ಸ್ ಇನ್ನೂ ಹುಟ್ಟುವುದಕ್ಕೆ ಮುನ್ನ, ಫ್ರಾನ್ಸಿನ ಲಿಯಾನ್‌ನಲ್ಲಿ ಇರಾನ್ ಅಮೆರಿಕವನ್ನು 2–1ರಿಂದ ಸೋಲಿಸಿತ್ತು. 2022ರಲ್ಲಿ ಇರಾನಿನೊಳಗೆ ಮಹಿಳೆಯರ ಹಕ್ಕುಗಳಿಗಾಗಿ ಪ್ರತಿಭಟನೆಗಳು ಭುಗಿಲೆದ್ದಿದ್ದವು. ಪಂದ್ಯಕ್ಕೆ ಮುಂಚೆ ಅಮೆರಿಕದ ಫುಟ್‌ಬಾಲ್ ಸಂಸ್ಥೆಯು ಆ ಮಹಿಳೆಯರಿಗೆ ಬೆಂಬಲ ಸೂಚಿಸಲೆಂದು, ಇಸ್ಲಾಮಿಕ್ ಗಣರಾಜ್ಯದ ಲಾಂಛನವನ್ನು ತೆಗೆದುಹಾಕಿದ ಇರಾನ್ ಧ್ವಜವನ್ನು ತನ್ನ ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಿತು. ಇರಾನ್ ತೀವ್ರವಾಗಿ ಪ್ರತಿಭಟಿಸಿತು. ಈ ತೀರ್ಮಾನದಲ್ಲಿ ಆಟಗಾರರ ಪಾತ್ರವೇನೂ ಇರಲಿಲ್ಲ, ಉತ್ತರಿಸಬೇಕಾದವರು ಮಾತ್ರ ಅವರೇ ಆದರು.

ನವೆಂಬರ್ 28ರ ಪತ್ರಿಕಾಗೋಷ್ಠಿಯಲ್ಲಿ ಇರಾನಿನ ಪತ್ರಕರ್ತರೊಬ್ಬರು ಆಡಮ್ಸ್ ಅವರಿಗೆ ಎರಡು ಮಾತು ಹೇಳಿದರು. ಇರಾನ್ ಜನರ ಪರ ಎಂದು ಹೇಳಿಕೊಳ್ಳುತ್ತೀರಿ, ಆದರೆ ದೇಶದ ಹೆಸರನ್ನೇ ತಪ್ಪಾಗಿ ಉಚ್ಚರಿಸುತ್ತೀರಿ ಎಂಬುದು ಒಂದು. ಕಪ್ಪುವರ್ಣೀಯರ ಬಗ್ಗೆ ಇಷ್ಟೊಂದು ತಾರತಮ್ಯವಿರುವ ದೇಶವನ್ನು ಪ್ರತಿನಿಧಿಸಲು ನಿಮಗೆ ಸಂಕೋಚವಿಲ್ಲವೇ ಎಂಬುದು ಇನ್ನೊಂದು. ಉಚ್ಚಾರಣೆಯ ಆಕ್ಷೇಪದಲ್ಲಿ ಹುರುಳಿತ್ತು. ಅಮೆರಿಕದವರಲ್ಲಿ ಅನೇಕರು ಆ ಹೆಸರನ್ನು ‘ಐರಾನ್’ ಎನ್ನುತ್ತಾರೆ. ಪರ್ಷಿಯನ್ ಭಾಷೆಯಲ್ಲಿ ಅದು ದೀರ್ಘ ಸ್ವರದ ‘ಈರಾನ್’. ಕನ್ನಡದಲ್ಲಿ ನಾವು ಹ್ರಸ್ವವಾಗಿ ಬರೆದರೂ ಮೂಲದಿಂದ ಬಹಳ ದೂರ ಹೋಗಿಲ್ಲವೆಂಬುದು ಸಮಾಧಾನ.

ಆಡಮ್ಸ್ ಮೊದಲು ಉಚ್ಚಾರಣೆಗಾಗಿ ಕ್ಷಮೆ ಕೇಳಿದರು. ಬಳಿಕ, ತಾರತಮ್ಯ ಎಲ್ಲೆಡೆಯೂ ಇದೆಯೆಂದೂ ಕೆಲವು ವರ್ಷಗಳಿಂದ ಹೊರದೇಶಗಳಲ್ಲಿ ನೆಲಸಿ ಬೇರೆ ಬೇರೆ ಸಂಸ್ಕೃತಿಗಳಿಗೆ ಹೊಂದಿಕೊಳ್ಳುವುದನ್ನು ತಾವು ಕಲಿತಿರುವುದಾಗಿಯೂ ಹೇಳಿದರು. ಅಮೆರಿಕ ದಿನದಿನಕ್ಕೂ ಮುಂದುವರಿಯುತ್ತಿದೆ ಎಂದರು. ಆಫ್ರಿಕನ್-ಅಮೆರಿಕನ್ ಮೂಲದವರಾಗಿದ್ದೂ ಬಿಳಿಯರ ಕುಟುಂಬದಲ್ಲಿ ಬೆಳೆದದ್ದರಿಂದ ಚಿಕ್ಕಂದಿನಿಂದಲೇ ಭಿನ್ನ ಸಂಸ್ಕೃತಿಗಳ ನಡುವೆ ಬಾಳುವ ಅಭ್ಯಾಸ ತಮಗಿದೆ, ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ, ಅಂಥವರಿಗೆ ತಿಳಿವಳಿಕೆ ಮೂಡಲು ಸಮಯ ಹಿಡಿಯುತ್ತದೆ, ಅದಕ್ಕೆ ಶಿಕ್ಷಣ ಬೇಕು ಎಂದು ವಿವರಿಸಿದರು. ಈಗ ತಾನೇ ನೀವು ನನಗೆ ನಿಮ್ಮ ದೇಶದ ಹೆಸರನ್ನು ಕಲಿಸಿದಿರಲ್ಲ, ಹಾಗೆಯೇ ಇದೂ ಎಂಬ ಅರ್ಥದ ಮಾತನ್ನು ಸೇರಿಸಿದರು. ಪತ್ರಕರ್ತರ ಪ್ರಶ್ನೆ ಸಿಕ್ಕಿಹಾಕಿಸಲೆಂದೇ ಕೇಳಿದ್ದಿರಬಹುದು. ಆದರೂ ಅದರಲ್ಲಿದ್ದ ಸತ್ಯಾಂಶವನ್ನು ಅವರು ತಳ್ಳಿಹಾಕಲಿಲ್ಲ, ತಮ್ಮ ದೇಶವನ್ನು ಕೈಬಿಡಲೂ ಇಲ್ಲ. ಬಹುಪಾಲು ಫುಟ್‌ಬಾಲಿಗರ ಗೋಷ್ಠಿಗಳಲ್ಲಿ ಕೇಳಬರುವ ಸವೆದ ಮಾತುಗಳಿಗಿಂತ ಇದು ಬೇರೆಯಾಗಿದ್ದುದರಿಂದಲೇ ಆ ಕೆಲವು ನಿಮಿಷಗಳ ದೃಶ್ಯ ಜಗತ್ತಿನಾದ್ಯಂತ ಹರಡಿತು.

ಮರುದಿನ ಕ್ರಿಶ್ಚಿಯನ್ ಪುಲಿಸಿಕ್ ಗಳಿಸಿದ ಒಂದೇ ಗೋಲಿನಿಂದ ಅಮೆರಿಕ ಗೆದ್ದಿತು. ಡಿಸೆಂಬರ್ 3ರಂದು ನೆದರ್‌ಲೆಂಡ್ಸ್ ವಿರುದ್ಧ 1–3ರ ಸೋಲಿನೊಂದಿಗೆ ಅದರ ಅಭಿಯಾನ ಮುಗಿಯಿತು. ಡಚ್ಚರ ಮೊದಲ ಗೋಲಿನ ವೇಳೆ ಮೆಂಫಿಸ್ ಡಿಪೇ ಅವರ ಓಟವನ್ನು ಹಿಂಬಾಲಿಸದೆ ಬಿಟ್ಟವರು ಸ್ವತಃ ಆಡಮ್ಸ್. ಅಲ್ಲಿಯವರೆಗೆ ಅವರ ಆಟದಲ್ಲಿ ಹುಳುಕು ಹುಡುಕುವುದು ಕಷ್ಟವಾಗಿತ್ತು. ಆ ವರ್ಷದ ಅತ್ಯುತ್ತಮ ಅಮೆರಿಕನ್ ಪುರುಷ ಆಟಗಾರ ಪ್ರಶಸ್ತಿ ಅವರಿಗೆ ಸಂದಿತು.

ಬೋರ್ನ್‌ಮತ್ ಮತ್ತು ಗಾಯಗಳ ಕಾಲ

2023ರ ಆಗಸ್ಟ್‌ನಲ್ಲಿ ಚೆಲ್ಸಿ ಸೇರುವ ಮಾತುಕತೆ ಮುರಿದುಬಿದ್ದ ಮೇಲೆ ಆಡಮ್ಸ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್ ಕ್ಲಬ್ ಸೇರಿದರು. ಸೆಪ್ಟೆಂಬರ್‌ನಲ್ಲಿ ಸ್ಟೋಕ್ ಸಿಟಿ ವಿರುದ್ಧದ ಲೀಗ್ ಕಪ್ ಪಂದ್ಯದಲ್ಲಿ ಬದಲಿ ಆಟಗಾರರಾಗಿ ಸ್ವಲ್ಪ ಹೊತ್ತು ಆಡಿದರು. ಅದೇ ಸ್ನಾಯುವಿಗೆ ಮತ್ತೆ ಪೆಟ್ಟಾಯಿತು. ಒಂದು ವರ್ಷದ ಅವಧಿಯಲ್ಲಿ ಅವರು ಮೈದಾನದಲ್ಲಿ ಕಳೆದದ್ದು ನಿಮಿಷಗಳ ಲೆಕ್ಕದಲ್ಲಿ ಮಾತ್ರ. ಇಪ್ಪತ್ತನಾಲ್ಕು, ಇಪ್ಪತ್ತೈದರ ವಯಸ್ಸು ಫುಟ್‌ಬಾಲ್ ಆಟಗಾರನ ಬದುಕಿನಲ್ಲಿ ಮರಳಿ ಬಾರದ ಫಸಲಿನ ಕಾಲ.

2024ರ ಮಾರ್ಚ್‌ನಲ್ಲಿ ಮರಳಿದರು. ಅದೇ ತಿಂಗಳ 24ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಕಾನ್‌ಕಕಾಫ್ ನೇಷನ್ಸ್ ಲೀಗ್‌ನ ಫೈನಲ್. ದೇಹ ಇನ್ನೂ ಪೂರ್ತಿ ಪಳಗಿರದ ಕಾರಣ ಅವರನ್ನು ಮೊದಲಾರ್ಧಕ್ಕಷ್ಟೇ ಆಡಿಸಲಾಯಿತು. ಆ ಅರ್ಧ ಮುಗಿಯುವ ಹೊತ್ತಿಗೆ, 30 ಮೀಟರಿನಷ್ಟು ದೂರದಿಂದ ಅವರು ಸಿಡಿಸಿದ ಚೆಂಡು ಗಿಯೆರ್ಮೊ ಒಚೊವಾ ಅವರನ್ನು ದಾಟಿ ಗೋಲು ಸೇರಿತು. ಅಮೆರಿಕ 2–0ರಿಂದ ಗೆದ್ದಿತು. ರಾಷ್ಟ್ರೀಯ ತಂಡದ ಪರ ಇದು ಅವರ ಎರಡನೆಯ ಗೋಲು. ಎದುರಾಳಿ ಈ ಸಲವೂ ಮೆಕ್ಸಿಕೊ.

ಆ ಬೇಸಗೆಯ ಕೋಪಾ ಅಮೆರಿಕಾದಲ್ಲಿ ಆತಿಥೇಯ ಅಮೆರಿಕ ಗುಂಪು ಹಂತದಲ್ಲಿಯೇ ಹೊರಬಿದ್ದಿತು. ಆಡಮ್ಸ್ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಚೇತರಿಸಿಕೊಂಡು ಬಂದ ಮೇಲೆ ಮಾತ್ರ ಬೋರ್ನ್‌ಮತ್‌ನ ತರಬೇತುದಾರ ಆಂಡೋನಿ ಇರಾವೊಲಾ ಅವರಿಗೆ ತಾವು ಒಂದು ವರ್ಷದ ಹಿಂದೆ ಕೊಂಡ ಆಟಗಾರ ನಿಜವಾಗಿ ದಕ್ಕಿದಂತಾಯಿತು. ಇರಾವೊಲಾ ಅವರದೂ ಎದುರಾಳಿಯ ಬೆನ್ನು ಹತ್ತುವ ಆಟವೇ. 2024–25ರಲ್ಲಿ ಬೋರ್ನ್‌ಮತ್ 56 ಅಂಕಗಳೊಂದಿಗೆ ಒಂಬತ್ತನೆಯ ಸ್ಥಾನ ಪಡೆಯಿತು. ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಆ ಕ್ಲಬ್ ಗಳಿಸಿದ ಗರಿಷ್ಠ ಅಂಕಗಳಿವು.

2025ರ ಬೇಸಗೆಯಲ್ಲಿ ಹೊಸ ತರಬೇತುದಾರ ಮೌರಿಸಿಯೊ ಪೊಚೆಟ್ಟಿನೊ ಅವರ ಅಡಿಯಲ್ಲಿ ಗೋಲ್ಡ್ ಕಪ್ ಆಡಿದ ಅಮೆರಿಕ ತಂಡದಲ್ಲಿ ಆಡಮ್ಸ್ ಇದ್ದರು. ಹ್ಯೂಸ್ಟನ್‌ನ ಫೈನಲ್‌ನಲ್ಲಿ ಮೆಕ್ಸಿಕೊ 2–1ರಿಂದ ಗೆದ್ದಿತು. ಆ ವರ್ಷ ನವೆಂಬರ್ 29ರಂದು ಸಂಡರ್‌ಲೆಂಡ್ ವಿರುದ್ಧ ಪ್ರೀಮಿಯರ್ ಲೀಗ್ ಪಂದ್ಯದಲ್ಲಿ, ಗೋಲ್‌ಕೀಪರ್ ಮುಂದೆ ಬಂದಿರುವುದನ್ನು ಗಮನಿಸಿದ ಆಡಮ್ಸ್ ಮೈದಾನದ ಮಧ್ಯವೃತ್ತದ ಬಳಿಯಿಂದಲೇ ಚೆಂಡನ್ನು ಎತ್ತಿ ಹೊಡೆದು ಗೋಲು ಗಳಿಸಿದರು. ಎರಡು ಗೋಲುಗಳಿಂದ ಮುಂದಿದ್ದ ಬೋರ್ನ್‌ಮತ್ ಆ ಪಂದ್ಯವನ್ನು 2–3ರಿಂದ ಸೋತಿತು.